ಸೈಕಲ್ಲಿಗೂ ಒಂದು ಸ್ಥಳ

ಸೇತುವೆಗಳು ನಿರ್ಮಾಣವಾಗುವುದಕ್ಕೆ ಮೊದಲು ಉತ್ತರ ಕನ್ನಡದ ಕರಾವಳಿಯಲ್ಲಿ ಪ್ರಯಾಣವೆಂದರೆ ಹೊಳೆ ದಾಟುವುದೆಂದೇ ಅರ್ಥವಾಗಿತ್ತು. ಕಾರವಾರದ ಬಳಿ ಕಾಳಿ, ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ. ಇವುಗಳನ್ನು ದಾಟಲು ತಾರಿಯ ದೋಣಿಯೇ ಗತಿ. ಮೀನಿನ ಬುಟ್ಟಿ ಹೊತ್ತ ಹೆಂಗಸರು, ಪುಸ್ತಕ ಹಿಡಿದ ವಿದ್ಯಾರ್ಥಿಗಳು, ಸೈಕಲ್ಲು ತಳ್ಳಿಕೊಂಡು ಬಂದ ಸವಾರರು ಎಲ್ಲರೂ ಒಂದೇ ದೋಣಿಯನ್ನು ಏರುತ್ತಿದ್ದರು. ಸೈಕಲ್ಲಿಗೆಂದು ಅಂಬಿಗನು ಒಂದೆರಡು ಕಾಸು ಹೆಚ್ಚು ಕೇಳಿರಬಹುದು. ಆದರೆ ಸವಾರನನ್ನೂ ಅವನ ಸೈಕಲ್ಲನ್ನೂ ಅವನು ಅಗಲಿಸುತ್ತಿರಲಿಲ್ಲ. ಆಚೆಯ ದಡ ಮುಟ್ಟಿದೊಡನೆ ಸವಾರನು ಸೈಕಲ್ಲನ್ನೇರಿ ತನ್ನ ಊರಿನ ದಾರಿ ಹಿಡಿಯುತ್ತಿದ್ದನು.

ಕಾಲ ಬದಲಾಯಿತು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಈ ಮಾರ್ಗವು ಸುಮಾರು 2,000 ಸೇತುವೆಗಳನ್ನೂ 90ಕ್ಕೂ ಹೆಚ್ಚು ಸುರಂಗಗಳನ್ನೂ ಹೊಂದಿದೆ. ಶತಮಾನಗಳ ಕಾಲ ಜನರನ್ನು ತಡೆದು ನಿಲ್ಲಿಸಿದ್ದ ಹೊಳೆ, ಗುಡ್ಡ, ಕಣಿವೆಗಳನ್ನು ಎಂಜಿನಿಯರುಗಳ ಬುದ್ಧಿಯೂ ಕಾರ್ಮಿಕರ ಬೆವರೂ ಗೆದ್ದುವು. ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್ ಎಂಬ ನಿಲ್ದಾಣಗಳು ಈ ಭಾಗದ ಜನಜೀವನಕ್ಕೆ ಹೊಸ ಬಾಗಿಲುಗಳನ್ನು ತೆರೆದುವು.

ಆದರೆ ಗುಡ್ಡಗಳ ಅಂಚನ್ನು ಹಿಡಿದು ಸಾಗುವ ಈ ಮಾರ್ಗವು ಅನೇಕ ಊರುಗಳನ್ನು ದೂರದಿಂದಲೇ ಮುಟ್ಟಿ ಹೋಗುತ್ತದೆ. ಕಾರವಾರದ ನಿಲ್ದಾಣವಿರುವುದು ಪಟ್ಟಣದಲ್ಲಲ್ಲ, ಕೆಲವು ಕಿಲೋಮೀಟರ್ ದೂರದ ಶಿರವಾಡದಲ್ಲಿ. ಅಂಕೋಲೆಯ ನಿಲ್ದಾಣವೂ ಪೇಟೆಯಿಂದ ದೂರವೇ ಇದೆ. ಸಾಮಾನ್ಯ ದರ್ಜೆಯ ಅಲ್ಪ ಹಣದ ಚೀಟಿ ಪಡೆದು ಅಂಕೋಲೆಯಿಂದ ಕಾರವಾರಕ್ಕೆ ಬಂದ ವಿದ್ಯಾರ್ಥಿಯು, ನಿಲ್ದಾಣದಿಂದ ಪಟ್ಟಣ ಸೇರಲು ರೈಲಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣವನ್ನು ಆಟೋರಿಕ್ಷಾಕ್ಕೆ ಕೊಡಬೇಕಾಗುತ್ತದೆ. ಮನುಷ್ಯನ ಪ್ರಯಾಣವು ನಿಲ್ದಾಣದಿಂದ ನಿಲ್ದಾಣಕ್ಕೆ ಮುಗಿಯುವುದಿಲ್ಲ. ಅದು ಹೊಸ್ತಿಲಿನಿಂದ ಹೊಸ್ತಿಲಿಗೆ ಸಾಗುವಂಥದು. ರೈಲು ಮುಟ್ಟಲಾರದ ಈ ಕೊನೆಯ ದೂರವನ್ನು ಅಗ್ಗವಾಗಿ, ಯಾರ ಹಂಗೂ ಇಲ್ಲದೆ ಕ್ರಮಿಸಬಲ್ಲ ವಾಹನವೆಂದರೆ ಸೈಕಲ್ಲು. ದೂರದ ದಾರಿಗೆ ರೈಲು, ಹತ್ತಿರದ ದಾರಿಗೆ ಸೈಕಲ್ಲು. ಒಂದು ಮತ್ತೊಂದರ ಕೊರತೆಯನ್ನು ತುಂಬುತ್ತದೆ.

ಹೀಗಿದ್ದರೂ ಇವೆರಡರ ಸ್ನೇಹ ಸುಲಭವಾಗಿಲ್ಲ. ನಮ್ಮ ದೇಶದ ರೈಲುಗಳಲ್ಲಿ ಸೈಕಲ್ಲನ್ನು ಪ್ರಯಾಣಿಕರ ಡಬ್ಬಿಯೊಳಗೆ ಒಯ್ಯುವಂತಿಲ್ಲ. ಅದನ್ನು ಸಾಮಾನೆಂದು ಪರಿಗಣಿಸಿ, ಪಾರ್ಸೆಲ್ ಕಚೇರಿಯಲ್ಲಿ ನೋಂದಾಯಿಸಿ, ಶುಲ್ಕ ತೆತ್ತು, ಹೆಸರು ಮತ್ತು ಊರಿನ ಚೀಟಿ ಅಂಟಿಸಿ, ಸಾಮಾನಿನ ಡಬ್ಬಿಗೆ ಒಪ್ಪಿಸಬೇಕು. ದೂರದ ಊರಿಗೆ ಹೊರಟವನಿಗೆ ಈ ಕ್ರಮ ಸಮರ್ಪಕವೇ ಸರಿ. ಆದರೆ ಮುಂಜಾನೆ ಹೊರಟು ಸಂಜೆ ಮರಳುವವನಿಗೆ ಅದು ಸಾಧ್ಯವೆ? ಒಂದೆರಡು ನಿಮಿಷ ಮಾತ್ರ ರೈಲು ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಸೈಕಲ್ಲನ್ನು ಸಾಮಾನಿನ ಡಬ್ಬಿಯಿಂದ ಇಳಿಸಿಕೊಳ್ಳುವುದು ಸುಲಭವೆ? ಆದುದರಿಂದ ಸವಾರನು ಸೈಕಲ್ಲನ್ನು ಮನೆಯಲ್ಲೇ ಬಿಡುತ್ತಾನೆ, ಇಲ್ಲವೆ ರೈಲನ್ನೇ ಬಿಡುತ್ತಾನೆ.

ಯುರೋಪಿನ ದೇಶಗಳು ಈ ಸಮಸ್ಯೆಯನ್ನು ಎದುರಿಸಿದ ಬಗೆ ಗಮನಾರ್ಹವಾದುದು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಉಪನಗರ ರೈಲುಗಳಲ್ಲಿ 2010ರಿಂದ ಸೈಕಲ್ಲುಗಳನ್ನು ಉಚಿತವಾಗಿ ಒಯ್ಯಬಹುದಾಗಿದೆ. ನೆದರ್‌ಲೆಂಡ್ಸ್ ದೇಶದಲ್ಲಿ ಸೈಕಲ್ಲಿಗೆ ಪ್ರತ್ಯೇಕ ಚೀಟಿಯುಂಟು; ಆದರೆ ವಾರದ ದಿನಗಳಲ್ಲಿ ಜನದಟ್ಟಣೆಯ ಬೆಳಗು ಮತ್ತು ಸಂಜೆಯ ಹೊತ್ತಿನಲ್ಲಿ ಅದಕ್ಕೆ ಪ್ರವೇಶವಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸುಗಮವೆಂದು ಭಾವಿಸಬಾರದು. ಹಲವು ದೇಶಗಳನ್ನು ಸೈಕಲ್ಲಿನಲ್ಲಿ ಸುತ್ತುವ ಪ್ರವಾಸಿಗೆ ಗಡಿ ದಾಟಿದಂತೆ ನಿಯಮವೂ ಬದಲಾಗುತ್ತದೆ. ಕೆಲವು ವೇಗದ ರೈಲುಗಳಲ್ಲಿ ಸ್ಥಳವನ್ನು ಮುಂಚಿತವಾಗಿ ಕಾದಿರಿಸಬೇಕು. ಇನ್ನು ಕೆಲವದರಲ್ಲಿ ಸೈಕಲ್ಲನ್ನು ಬಿಚ್ಚಿ ಚೀಲದೊಳಗಿಡಬೇಕು. ಈ ತೊಡಕನ್ನು ಕಂಡೇ ಯುರೋಪಿಯನ್ ಒಕ್ಕೂಟವು 2021ರಲ್ಲಿ ಒಂದು ಶಾಸನವನ್ನು ರೂಪಿಸಿತು. ಹೊಸದಾಗಿ ಕೊಳ್ಳುವ ರೈಲುಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 4 ಸೈಕಲ್ಲುಗಳಿಗಾದರೂ ಸ್ಥಳವಿರಬೇಕೆಂಬುದು ಅದರ ಆಶಯ. ನಾಲ್ಕು ಎಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಕೃಪೆಯಾಗಿದ್ದುದು ಅದರಿಂದ ಹಕ್ಕಾಯಿತು.

ಕರ್ನಾಟಕದಲ್ಲಿಯೂ ಇಂಥ ಪ್ರಯತ್ನ ಇಲ್ಲದಿಲ್ಲ. ಬೆಂಗಳೂರಿನ ಮೆಟ್ರೋ ರೈಲು 2021ರಲ್ಲಿ ಮಡಚುವ ಸೈಕಲ್ಲುಗಳಿಗೆ ಅನುಮತಿಯಿತ್ತಿತು. ಆದರೆ ಹಳ್ಳಿಯ ವಿದ್ಯಾರ್ಥಿಯ ಸೈಕಲ್ಲು ಮಡಚುವಂಥದಲ್ಲ. ಹಿಂದೆ ಕ್ಯಾರಿಯರ್ ಇರುವ, ಮನೆಮಂದಿಯೆಲ್ಲ ಬಳಸುವ ಗಟ್ಟಿಯಾದ ಸೈಕಲ್ಲು ಅದು. 2006ರಲ್ಲಿ ಆರಂಭವಾದ ಸರ್ಕಾರದ ಯೋಜನೆಯ ಮೂಲಕ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳ ಕೈಗೆ ಬಂದುದೂ ಇಂಥ ಸೈಕಲ್ಲೇ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮನುಷ್ಯರಿಗೇ ನಿಲ್ಲಲು ಸ್ಥಳವಿಲ್ಲದ ಡಬ್ಬಿಯಲ್ಲಿ ಸೈಕಲ್ಲಿಗೆಲ್ಲಿಯ ಸ್ಥಳ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಮುದುಕರು, ರೋಗಿಗಳು, ಮಗುವನ್ನೆತ್ತಿಕೊಂಡ ತಾಯಂದಿರು ಇವರ ಅನುಕೂಲವೇ ಮೊದಲು. ಆದರೆ ಎಲ್ಲ ರೈಲುಗಳೂ ಎಲ್ಲ ಹೊತ್ತಿನಲ್ಲೂ ತುಂಬಿ ತುಳುಕುವುದಿಲ್ಲ. ದಟ್ಟಣೆಯಿಲ್ಲದ ವೇಳೆಯ ಸ್ಥಳೀಯ ರೈಲಿನಲ್ಲಿ ಒಂದು ಮೂಲೆಯನ್ನು ಗುರುತಿಸಿ, ನಾಲ್ಕಾರು ಕೊಂಡಿಗಳನ್ನು ಜೋಡಿಸಿ, ನ್ಯಾಯವಾದ ಶುಲ್ಕವನ್ನು ನಿಗದಿಪಡಿಸಿದರೆ ಯಾರಿಗೂ ತೊಂದರೆಯಾಗದು. ಸವಾರನೂ ತನ್ನ ಪೆಡಲು ಇನ್ನೊಬ್ಬರ ಕಾಲಿಗೆ ತಾಗದಂತೆ, ಕೆಸರು ಮತ್ತೊಬ್ಬರ ಬಟ್ಟೆಗೆ ಅಂಟದಂತೆ ಎಚ್ಚರ ವಹಿಸಬೇಕು. ಸೌಲಭ್ಯವನ್ನು ಕೇಳುವವನಿಗೆ ಸೌಜನ್ಯವೂ ಇರಬೇಕಷ್ಟೆ.

ರೈಲಿಗೆ ಈ ಭಾರ ಹೆಚ್ಚಾದೀತೆಂಬ ಸಂಶಯಕ್ಕಂತೂ ಎಡೆಯೇ ಇಲ್ಲ. ಇದೇ ಕೊಂಕಣ ರೈಲು 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ಹೊತ್ತೊಯ್ಯುವ ವ್ಯವಸ್ಥೆಯನ್ನು ಆರಂಭಿಸಿತು. ಮೊದಲು ಕೋಲಾಡದಿಂದ ಗೋವೆಯ ವೆರ್ಣಾದವರೆಗೆ, ಅನಂತರ ಸುರತ್ಕಲ್ಲಿನವರೆಗೆ ಅದು ವಿಸ್ತರಿಸಿತು. ಹತ್ತಾರು ಟನ್ ತೂಕದ ಲಾರಿಗಳು ತಮ್ಮ ಚಾಲಕರೊಡನೆ ರೈಲನ್ನೇರಿ ಕಾರವಾರ, ಅಂಕೋಲೆಗಳನ್ನು ಹಾದುಹೋಗುತ್ತವೆ. ಲಾರಿಯನ್ನೂ ಅದರ ಚಾಲಕನನ್ನೂ ಒಟ್ಟಿಗೆ ಒಯ್ಯಬಲ್ಲ ರೈಲಿಗೆ, ಬಾಲಕನನ್ನೂ ಅವನ ಸೈಕಲ್ಲನ್ನೂ ಒಟ್ಟಿಗೆ ಒಯ್ಯಲು ಶಕ್ತಿಯಿಲ್ಲವೆಂದರೆ ನಂಬುವವರಾರು? ಕೊರತೆಯಿರುವುದು ಶಕ್ತಿಯಲ್ಲಲ್ಲ, ಸಂಕಲ್ಪದಲ್ಲಿ.

ಇದು ಕೇವಲ ಅನುಕೂಲದ ಮಾತೂ ಅಲ್ಲ. ಕಾರವಾರ ಮತ್ತು ಅಂಕೋಲೆಗಳ ನಡುವಣ ರಾಷ್ಟ್ರೀಯ ಹೆದ್ದಾರಿ ವಿಶಾಲವಾದಂತೆ ವಾಹನಗಳ ವೇಗವೂ ಹೆಚ್ಚಿದೆ. ಸೈಕಲ್ ಸವಾರನ ಪಾಲಿಗೆ ಅಲ್ಲಿ ಅಪಾಯವೂ ಹೆಚ್ಚಿದೆ. 2024ರ ಜುಲೈ 16ರಂದು ಅಂಕೋಲೆಯ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿದಾಗ ಆ ಹೆದ್ದಾರಿಯೇ ಹಲವು ದಿನ ಮುಚ್ಚಿಹೋಯಿತು. ಒಂದೇ ರಸ್ತೆಯನ್ನು, ಒಂದೇ ಬಗೆಯ ವಾಹನವನ್ನು ನಂಬಿದ ನಾಡು ಆಪತ್ತಿನಲ್ಲಿ ಅಸಹಾಯಕವಾಗುತ್ತದೆ. ಕಂಬಿಯ ಮೇಲಿನ ದಾರಿಯೂ ಕಾಲುಬಲದ ದಾರಿಯೂ ಕೂಡಿಕೊಂಡರೆ, ಇಂಧನದ ಹಂಗಾಗಲಿ ಹೆಚ್ಚಿನ ಹಣವಾಗಲಿ ಇಲ್ಲದವನಿಗೂ ಇನ್ನೊಂದು ದಾರಿ ತೆರೆದಿರುತ್ತದೆ.

ಅಂದಿನ ಅಂಬಿಗನಿಗೆ ಶಾಸನ ತಿಳಿದಿರಲಿಲ್ಲ, ಯುರೋಪಿನ ಮಾದರಿಯೂ ತಿಳಿದಿರಲಿಲ್ಲ. ದಡ ಸೇರಿದ ಮೇಲೂ ದಾರಿಯುಂಟೆಂಬುದು ಮಾತ್ರ ಅವನಿಗೆ ತಿಳಿದಿತ್ತು. ಹೊಳೆಗಳನ್ನು ಗೆದ್ದ ರೈಲು ಆ ತಿಳಿವಳಿಕೆಯನ್ನೂ ತನ್ನದಾಗಿಸಿಕೊಂಡರೆ, ಸವಾರನೂ ಸೈಕಲ್ಲೂ ಮತ್ತೊಮ್ಮೆ ಜೊತೆಯಾಗಿ ಊರು ಸೇರುವುವು.