ಮೆಮೊರಿ ಹೆಚ್ಚಿಸಿದ್ದು ಸಾಕು, ಥ್ರೆಡ್ ಎಣಿಸಿ ಸ್ವಾಮೀ!

ಜಾವಾ ಸರ್ವರ್ ಮಲಗಿತು ಅಂದ್ರೆ ನಮ್ಮ ಐಟಿ ಮಂದಿ ಬಳಿ ಇರೋ ಮದ್ದು ಒಂದೇ, ಮೆಮೊರಿ ಹೆಚ್ಚಿಸು. ನಾನು ಕಲ್ಕತ್ತೆಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ "ದಾದಾ, ಮೆಮೊರಿಟಾ ಬಾಡಿಯೇ ದಾವ್" ಅನ್ನೋದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಬೆಂಗಳೂರಿಗೆ ಫೋನ್ ಹಚ್ಚಿದರೆ ಅಲ್ಲೂ ಅದೇ ಕತೆ, ಭಾಷೆ ಮಾತ್ರ ಬೇರೆ: "ಸಾರ್, ಹೀಪ್ ಸ್ವಲ್ಪ ಜಾಸ್ತಿ ಮಾಡ್ಲಾ?"

ಎಲ್ಲಾ ಎರರ್ ಬಗ್ಗೆ ನನ್ನ ತಕರಾರಿಲ್ಲ. ನಿಜವಾಗ್ಲೂ ಹೀಪ್ ತುಂಬಿದ್ರೆ ಹೆಚ್ಚಿಸಿ, ಯಾರು ಬೇಡ ಅಂತಾರೆ? ನಾನು ಜಗಳಕ್ಕೆ ನಿಂತಿರೋದು ಒಂದೇ ಒಂದು ಎರರ್ ಸಲುವಾಗಿ. "ಔಟ್ ಆಫ್ ಮೆಮೊರಿ ಎರರ್: ಅನೇಬಲ್ ಟು ಕ್ರಿಯೇಟ್ ನ್ಯೂ ನೇಟಿವ್ ಥ್ರೆಡ್." ಜನ 'ಔಟ್ ಆಫ್ ಮೆಮೊರಿ' ತನಕ ಓದ್ತಾರೆ, ಅಲ್ಲಿಂದ ಓಟ ಕೀಳ್ತಾರೆ. ವಿಷಯ ಇರೋದು ಆಮೇಲೆ. ಹೊಸ ಥ್ರೆಡ್ ಕೇಳಿದೆ, ಆಪರೇಟಿಂಗ್ ಸಿಸ್ಟಂ ಕೊಡಲ್ಲ ಅಂತು. ಅಷ್ಟೇ ಅದರ ಅರ್ಥ.

ಈಗ ತಮಾಷೆ ನೋಡಿ. ಜಾವಾದ ಮಾಮೂಲಿ ಥ್ರೆಡ್ ಒಂದೊಂದಕ್ಕೂ ಕೆಳಗೆ ಆಪರೇಟಿಂಗ್ ಸಿಸ್ಟಮ್ಮಿನ ನಿಜವಾದ ಥ್ರೆಡ್ ಒಂದು ಇರುತ್ತೆ. ಅದಕ್ಕೆ ಸ್ಟ್ಯಾಕ್ ಬೇಕು. 64 ಬಿಟ್ ಲಿನಕ್ಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ತಲಾ 1 ಎಂಬಿ ವಿಳಾಸದ ಜಾಗ ಕಾದಿರಿಸ್ತಾರೆ. ಈ ಸ್ಟ್ಯಾಕ್ ಹೀಪ್ ಒಳಗಿಲ್ಲ, ಹೊರಗಿದೆ. 30-40 ಸೈಟಿನಲ್ಲಿ ಹಾಲ್ ದೊಡ್ಡದು ಮಾಡಿದರೆ ರೂಮು ಎಲ್ಲಿ ಕಟ್ತೀರಿ? 32 ಬಿಟ್ ಕಾಲದಲ್ಲಿ ಆಗ್ತಿದ್ದದ್ದು ಇದೇ. ವಿಂಡೋಸ್ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಕೊಡ್ತಿದ್ದ ಜಾಗವೇ 2 ಜಿಬಿ. ಅದರಲ್ಲಿ ಎಕ್ಸ್‌ಎಂಎಕ್ಸ್ ಏರಿಸಿದಷ್ಟೂ ಸ್ಟ್ಯಾಕಿಗೆ ಉಳಿಯೋದು ಕಮ್ಮಿ, ಎರರ್ ಮೊದಲಿಗಿಂತ ಬೇಗ ಬರೋದು. ಮದ್ದೇ ರೋಗ! ಇವತ್ತಿನ ಕಂಟೇನರಿನಲ್ಲೂ ಅಷ್ಟೇ. ಒಟ್ಟು ಮೆಮೊರಿಗೆ ಬೇಲಿ ಹಾಕಿ ಹೀಪ್ ಮಾತ್ರ ಉಬ್ಬಿಸಿದರೆ ಮಿಕ್ಕಿದ್ದಕ್ಕೆ ಉಸಿರಾಡಲು ಜಾಗ ಇರಲ್ಲ.

64 ಬಿಟ್ ಬಂದ ಮೇಲೆ ವಿಳಾಸದ ಜಾಗಕ್ಕೆ ಬರ ಇಲ್ಲ. ಆದರೂ ಎರರ್ ಬರುತ್ತೆ, ಯಾಕೆ? ಮಿತಿಗಳಿವೆ ಸ್ವಾಮೀ. ಲಿನಕ್ಸ್‌ನ 'ಯುಲಿಮಿಟ್ -ಯು' ಅನ್ನೋದು ಪ್ರೋಸೆಸ್ ಮಿತಿ ಅಂತ ಎಲ್ಲರ ಬಾಯಲ್ಲಿದೆ. ಅದು ಥ್ರೆಡ್‌ಗಳನ್ನೂ ಎಣಿಸುತ್ತೆ, ಅದೂ ಒಂದು ಪ್ರೋಗ್ರಾಮಿಗಲ್ಲ, ಒಬ್ಬ ಯೂಸರಿಗೆ. ಒಂದೇ ಯೂಸರ್ ಹೆಸರಿನಲ್ಲಿ ಮೂರು ಟಾಮ್‌ಕ್ಯಾಟ್ ಓಡಿಸಿದರೆ ಮೂರಕ್ಕೂ ಸೇರಿ ಒಂದೇ ಲೆಕ್ಕ. 2010ರಲ್ಲಿ ಬಂದ ರೆಡ್ ಹ್ಯಾಟ್ 6ರಲ್ಲಿ ಸಾಮಾನ್ಯ ಯೂಸರಿಗೆ ಈ ಮಿತಿ 1024 ಇತ್ತು, 7ರಲ್ಲಿ 4096 ಆಯ್ತು. ಇದಲ್ಲದೆ ಇಡೀ ಮಶೀನಿಗೊಂದು ಮಿತಿ, ಸಿಸ್ಟಂಡಿಯದೊಂದು ಮಿತಿ, ಕಂಟೇನರಿಗೆ ಸಿಗ್ರೂಪಿನದೊಂದು ಮಿತಿ. 64 ಜಿಬಿ ರ‍್ಯಾಮಿನಲ್ಲಿ 40 ಖಾಲಿ ಬಿದ್ದಿದ್ದರೂ ಇವುಗಳಲ್ಲಿ ಒಂದು ಮುಟ್ಟಿದರೆ ಸಾಕು, ಜಾವಾ "ಮೆಮೊರಿ ಇಲ್ಲ" ಅಂತ ಅಳುತ್ತೆ. ಈಚಿನ ಜಾವಾದಲ್ಲಿ ಆ ಸಂದೇಶಕ್ಕೆ "ಮೆಮೊರಿ ಮುಗಿದಿರಬಹುದು, ಇಲ್ಲವೇ ಮಿತಿ ಮುಟ್ಟಿರಬಹುದು" ಅನ್ನೋ ಅರ್ಥದ ಬಾಲ ಸೇರಿಸಿದ್ದಾರೆ. ಬಾಲ ಓದೋರು ಯಾರು?

ಇದು ಸಣ್ಣ ಕಂಪನಿಗಳ ಗೋಳು ಅಂದ್ಕೋಬೇಡಿ. 2020ರ ನವೆಂಬರ್ 25ರಂದು ಅಮೆಜಾನಿನ ಕಿನೆಸಿಸ್ ಸೇವೆ ಉತ್ತರ ವರ್ಜೀನಿಯಾದಲ್ಲಿ ಬಿತ್ತು. ಬೆಳಗ್ಗೆ ಕೆಟ್ಟದ್ದು ಪೂರ್ತಿ ಸರಿಹೋಗುವಾಗ ರಾತ್ರಿ. ಅದನ್ನ ನಂಬಿಕೊಂಡಿದ್ದ ಕಾಗ್ನಿಟೊ, ಕ್ಲೌಡ್‌ವಾಚ್‌ನಂಥ ಸೇವೆಗಳೂ ತೊಂದರೆಗೆ ಸಿಕ್ಕಿದವು. ಆಮೇಲೆ ಅಮೆಜಾನೇ ವರದಿ ಬರೆದು ಪ್ರಕಟಿಸಿತು. ಕಾರಣ ಮೆಮೊರಿಯ ಒತ್ತಡ ಅಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಮುಂಬಾಗಿಲ ಸರ್ವರ್ ಒಂದೊಂದೂ ಉಳಿದ ಪ್ರತಿಯೊಂದು ಸರ್ವರಿಗೂ ಒಂದು ಥ್ರೆಡ್ ಇಟ್ಟುಕೊಳ್ತಿತ್ತು. ಸಾಮರ್ಥ್ಯ ಹೆಚ್ಚಲಿ ಅಂತ ಒಂದಿಷ್ಟು ಸರ್ವರ್ ಸೇರಿಸಿದರು, ಎಲ್ಲಾ ಸರ್ವರಿನಲ್ಲೂ ಥ್ರೆಡ್ ಸಂಖ್ಯೆ ಆಪರೇಟಿಂಗ್ ಸಿಸ್ಟಮ್ಮಿನ ಮಿತಿ ದಾಟಿತು! ಸೇರಿಸಿದ್ದೇ ಮುಳುಗಿಸಿತು. ಆ ಗಡಿಬಿಡಿಯಲ್ಲೂ ಅವರು ಪರೀಕ್ಷೆ ಮಾಡದೆ ಮಿತಿ ಏರಿಸಲಿಲ್ಲ, ಸೇರಿಸಿದ್ದನ್ನ ತೆಗೆದರು. ಆಮೇಲೆ ದೊಡ್ಡ ಮಶೀನಿಗೆ ಹೋದದ್ದೂ ಸರ್ವರ್‌ಗಳ ಸಂಖ್ಯೆ ಇಳಿಸಿ ಥ್ರೆಡ್ ಕಡಿಮೆ ಮಾಡೋಕೆ. ಎಣಿಸಿದವರು ಮಾಡುವ ಕೆಲಸ ಅದು.

ನಮ್ಮಲ್ಲಿ? ನಾನು ಕಣ್ಣಾರೆ ಕಂಡ ಒಂದು ಆಫೀಸಿನ ಕತೆ ಹೇಳ್ತೀನಿ, ಹೆಸರು ಬೇಡ. ಒಂದೇ ಎರರ್ ಮೂರು ಸಲ ಬಂತು. ಮೂರು ಸಲವೂ ವರದಿಯಲ್ಲಿ "ಮೆಮೊರಿ ಸಾಲದು", ಮೂರು ಸಲವೂ ದೊಡ್ಡ ಸರ್ವರ್. ನಾಲ್ಕನೇ ಸಲ "ಸರಿಯಾಗಿ ಮಾನಿಟರ್ ಮಾಡಲಿಲ್ಲ" ಅಂತ ರಾತ್ರಿ ಪಾಳಿಯ ಕಾಂಟ್ರಾಕ್ಟ್ ಹುಡುಗನನ್ನ ಮನೆಗೆ ಕಳಿಸಿದರು. ಬಾರಾಸಾತ್ ಕಡೆಯಿಂದ ಲೋಕಲ್ ಹತ್ತಿ ಬರ್ತಿದ್ದ ಹುಡುಗ. ಕೊನೆಗೆ ಸಿಕ್ಕಿದ ತಪ್ಪು ಒಂದೇ ಸಾಲು: ಬಂದ ಪ್ರತಿ ರಿಕ್ವೆಸ್ಟಿಗೂ ಹೊಸ ಥ್ರೆಡ್ ಪೂಲ್ ತೆರೆದು, ಮುಚ್ಚದೆ ಬಿಟ್ಟಿದ್ದ ಕೋಡು. ಬರೆದವರು ಬೇರೆ ಯಾರೋ, ಬೆಲೆ ತೆತ್ತವನು ಅವನು.

ಆ ಒಂದು ಸಾಲು ಹಿಡಿಯೋಕೆ ಮಹಾ ವಿದ್ಯೆ ಬೇಕಿಲ್ಲ ಕಣ್ರೀ. ರೀಸ್ಟಾರ್ಟ್ ಮಾಡೋ ಮುಂಚೆ ಥ್ರೆಡ್ ಡಂಪ್ ತೆಗೀರಿ. ರೀಸ್ಟಾರ್ಟ್ ಅಂದ್ರೆ ಸಾಕ್ಷಿ ಸುಟ್ಟ ಹಾಗೆ. ಯೂಸರಿನ ಮಿತಿ ಮುಗಿದಿದ್ದರೆ ಹೊಸ ಕಮ್ಯಾಂಡೂ ಏಳಲ್ಲ, ಶೆಲ್ಲೇ "ಫೋರ್ಕ್ ಆಗ್ತಿಲ್ಲ" ಅಂತ ಗೊಣಗುತ್ತೆ. ಅದೇ ಮೊದಲ ಸುಳಿವು. ಜೆಸ್ಟ್ಯಾಕ್ ಕೈ ಕೊಟ್ಟರೂ ಆಗಲೇ ತೆರೆದಿರೋ ಶೆಲ್ಲಿನಿಂದ 'ಕಿಲ್ -3' ಹೊಡೀರಿ. ಬ್ಯಾಷ್‌ನಲ್ಲಿ ಅದು ಒಳಗೇ ಇರೋ ಕಮ್ಯಾಂಡು, ಹೊಸ ಪ್ರೋಸೆಸ್ ಕೇಳಲ್ಲ. ಹೆಸರು ನೋಡಿ ಹೆದರಬೇಡಿ, ಜಾವಾ ಸಾಯಲ್ಲ, ಡಂಪ್ ಬರೆದು ಮುಂದುವರಿಯುತ್ತೆ.

ಆಮೇಲೆ ಹೆಸರುಗಳನ್ನ ಓದಿ. ಪೂಲ್-1-ಥ್ರೆಡ್-1, ಪೂಲ್-2-ಥ್ರೆಡ್-1, ಪೂಲ್-900-ಥ್ರೆಡ್-1... ಹೀಗೆ ಪೂಲಿನ ಅಂಕಿ ಏರ್ತಾ ಹೋದರೆ ಯಾರೋ ಪೂಲ್ ತೆರೆದು ಮುಚ್ತಾ ಇಲ್ಲ. ನೂರಾರು ಥ್ರೆಡ್ ಒಂದೇ ಸಾಕೆಟ್ ರೀಡ್ ಸಾಲಿನಲ್ಲಿ ನಿಂತಿದ್ದರೆ ಎದುರಿನ ಸರ್ವಿಸ್ ನಿಧಾನವಾಗಿದೆ, ನೀವು ಟೈಮೌಟ್ ಹಾಕಿಲ್ಲ. ಇನ್ನೊಂದು ಸುಲಭ ಪರೀಕ್ಷೆ: ರಾತ್ರಿ ಜನ ಕಮ್ಮಿಯಾದ ಮೇಲೆ ಥ್ರೆಡ್ ಸಂಖ್ಯೆ ಇಳಿಯುತ್ತಾ ನೋಡಿ. ಇಳಿಯದೆ ದಿನದಿನಕ್ಕೂ ಮೆಟ್ಟಿಲು ಹತ್ತಿದರೆ ಸೋರಿಕೆ. ಯಾವ ಸರ್ವರ್ ತಂದರೂ ಅದು ತುಂಬೋದು ಖಾತ್ರಿ, ತಡವಾಗಿ ತುಂಬುತ್ತೆ ಅಷ್ಟೇ.

"ಕೆಲವು ಸಲ ಮಿತಿಯೇ ಸಣ್ಣದಿರುತ್ತಲ್ಲಾ?" ಅಂತ ಕೇಳ್ತೀರಿ. ಹೌದು, ಇರುತ್ತೆ. 1024ರ ಒಳಗೆ ಮೂರು ಟಾಮ್‌ಕ್ಯಾಟ್ ತುರುಕಿದರೆ ಇಕ್ಕಟ್ಟಾಗೋದು ಸಹಜ, ಅಲ್ಲಿ ಏರಿಸಿ. ಆದರೆ ಎಷ್ಟು ಥ್ರೆಡ್ ಬೇಕು, ಯಾಕೆ ಬೇಕು ಅಂತ ಲೆಕ್ಕ ಬರೆದು ಏರಿಸಿ. "ಅನ್‌ಲಿಮಿಟೆಡ್" ಅಂತ ಹಾಕಿ ಕೈ ತೊಳ್ಕೊಳ್ಳೋದು ಪರಿಹಾರ ಅಲ್ಲ. ಆಗ ಒಂದು ಪ್ರೋಗ್ರಾಮ್ ಸಾಯೋ ಬದಲು ಇಡೀ ಮಶೀನ್ ಸಾಯುತ್ತೆ.

ಹೊಸ ಹುಡುಗರದ್ದು ಇನ್ನೊಂದು ವಾದ: 2023ರಲ್ಲಿ ಜಾವಾ 21 ಬಂತು, ವರ್ಚುವಲ್ ಥ್ರೆಡ್ ಇದೆ, ನಿಮ್ಮದೆಲ್ಲಾ ಹಳೇ ಪುರಾಣ. ವರ್ಚುವಲ್ ಥ್ರೆಡ್ ಒಳ್ಳೇದೇ, ಲಕ್ಷಗಟ್ಟಲೆ ಮಾಡಬಹುದು. ಆದರೆ ಅವುಗಳ ಸ್ಟ್ಯಾಕ್ ಇರೋದು ಹೀಪಿನಲ್ಲಿ. ಲಂಗುಲಗಾಮಿಲ್ಲದೆ ಮಾಡ್ತಾ ಹೋಗಿ, ಆಗ ಹೆಸರಿಗೆ ತಕ್ಕ ಔಟ್ ಆಫ್ ಮೆಮೊರಿ ಬರುತ್ತೆ! ಮೇಲಾಗಿ ಡೇಟಾಬೇಸ್ ಕನೆಕ್ಷನ್ 20 ಇದ್ದರೆ 20 ಮಾತ್ರ, ಉಳಿದವು ಅಲ್ಲೇ ಕ್ಯೂ ನಿಲ್ಲಬೇಕು.

ಆದ್ದರಿಂದ ಮ್ಯಾನೇಜರ್ ಮಹಾಶಯರೇ, ನನ್ನ ಬೇಡಿಕೆ ಇಷ್ಟೇ. ಈ ಎರರ್ ಬಂದಾಗ ನಿಮ್ಮ ವರದಿಯಲ್ಲಿ ಮೂರು ಸಾಲು ಕಡ್ಡಾಯ ಮಾಡಿ. ಸಾಯುವಾಗ ಎಷ್ಟು ಥ್ರೆಡ್ ಇದ್ದವು? ಯಾವ ಮಿತಿ ಮುಟ್ಟಿತು? ಆ ಥ್ರೆಡ್‌ಗಳನ್ನ ಹುಟ್ಟಿಸಿದ್ದು ಯಾವ ಕೋಡು? ಈ ಮೂರಕ್ಕೆ ಉತ್ತರ ಇಲ್ಲದ ವರದಿಗೆ ಸಹಿ ಹಾಕಬೇಡಿ, ಹೊಸ ಸರ್ವರಿಗೆ ದುಡ್ಡು ಕೊಡಬೇಡಿ, ರಾತ್ರಿ ಪಾಳಿಯ ಯಾವ ಹುಡುಗನ ಕೆಲಸವನ್ನೂ ಕಿತ್ಕೋಬೇಡಿ.