ಸ್ಕ್ಯಾನ್ ನಮ್ಮದು, ಫೈಲ್ ಯಾರದು?

ಕಣ್ಣಿನ ಸ್ಕ್ಯಾನ್ ಮಾಡಿಸಿಕೊಂಡ ಪ್ರತಿಯೊಬ್ಬ ರೋಗಿಗೂ ಆಸ್ಪತ್ರೆಯವರು ಪ್ರಿಂಟ್ ಮಾತ್ರವಲ್ಲ, ಆ ಸ್ಕ್ಯಾನಿನ ಪೂರ್ತಿ ಫೈಲನ್ನೂ ಕೊಡಬೇಕು ಎಂಬುದು ನನ್ನ ವಾದ. ಕಾಮರ್ಸ್ ಓದುವವನಿಗೆ ಕಣ್ಣಿನ ವಿಷಯ ಏಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಇದರಲ್ಲಿ ಅರ್ಧ ವಿಜ್ಞಾನ ಇದ್ದರೆ ಅರ್ಧ ಲೆಕ್ಕಪತ್ರ ಇದೆ. ನಾನು ಲೆಕ್ಕಪತ್ರದ ಕಡೆಯಿಂದ ಬರೆಯುತ್ತಿದ್ದೇನೆ.

ಈ ಸ್ಕ್ಯಾನಿನ ಹೆಸರು ಓ.ಸಿ.ಟಿ. ಅಮೆರಿಕದ ಎಂ.ಐ.ಟಿ.ಯ ಡೇವಿಡ್ ಹ್ವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಅವರ ಸಂಗಡಿಗರು 1991ರಲ್ಲಿ ಇದನ್ನು ಪ್ರಕಟಿಸಿದರು. ಹೊಟ್ಟೆಯ ಸ್ಕ್ಯಾನಿನಲ್ಲಿ ಶಬ್ದದ ಅಲೆಗಳು ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ಗದ್ದವನ್ನು ಸ್ಟ್ಯಾಂಡಿನ ಮೇಲಿಟ್ಟು ಸ್ವಲ್ಪ ಹೊತ್ತು ಒಂದು ಗುರುತನ್ನೇ ನೋಡುತ್ತಿದ್ದರೆ ಸಾಕು, ಕಣ್ಣಿನ ಹಿಂಭಾಗದ ರೆಟಿನಾ ಪದರ ಪದರವಾಗಿ ಕಾಣುತ್ತದೆ. ರೆಟಿನಾದ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಯಂತ್ರ ಅದನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ತೋರಿಸುತ್ತದೆ. ಹೆಚ್ಚಾಗಿ ಬಳಸುವ ಒಂದು ವಿಧಾನದಲ್ಲಿ 6 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಜಾಗಕ್ಕೆ 128 ಹೋಳುಗಳು. ಎಲ್ಲವೂ ಸೇರಿದರೆ ಮೂರು ಆಯಾಮದ ಚಿತ್ರ. ರೋಗಿಯ ಕೈಗೆ ಕೊಡುವ ಪ್ರಿಂಟಿನಲ್ಲಿ ಸಾಮಾನ್ಯವಾಗಿ ಒಂದೆರಡು ಹೋಳು ಮತ್ತು ಒಂದು ಬಣ್ಣದ ನಕಾಶೆ ಇರುತ್ತವೆ. 128 ಪುಟದ ಪುಸ್ತಕ ಕೊಂಡವನಿಗೆ ಎರಡು ಪುಟ ಹರಿದು ಕೊಟ್ಟಂತೆ.

ಸಕ್ಕರೆ ಕಾಯಿಲೆ ಇರುವವರಿಗೆ ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವುದುಂಟು. ನಮ್ಮ ದಾದಿಗೆ ಆಗಿರುವುದು ಇದೇ. ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಮನೆಯ ಉರ್ದುವಿನಲ್ಲಿ ಅಪ್ಪನ ತಾಯಿ. ಆಸ್ಪತ್ರೆಯಲ್ಲಿ ಈ ಒಂದು ಪದದಿಂದ ಸಾಕಷ್ಟು ಗಲಿಬಿಲಿಯಾಗಿದೆ. ಕುರ್‌ಆನ್ ಓದುವಾಗ ಸಾಲುಗಳು ನಡುವೆ ಬಾಗಿದಂತೆ ಕಾಣುತ್ತವೆ ಎಂದು ಮೊದಲು ಹೇಳಿದ್ದು ಅವರೇ. ಇದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಒಂದಕ್ಕೆ ಮುಗಿಯುವುದು ಅಪರೂಪ. ಪ್ರತಿ ಸಲವೂ ಸ್ಕ್ಯಾನ್ ಮಾಡಿ, ಹಿಂದಿನದಕ್ಕೆ ಹೋಲಿಸಿ, ಇನ್ನೊಂದು ಬೇಕೇ, ಔಷಧ ಬದಲಿಸಬೇಕೇ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಅಂದರೆ ಚಿಕಿತ್ಸೆ ನಡೆಯುವುದೇ ಹೋಲಿಕೆಯ ಮೇಲೆ. ಐ.ಸಿ.ಎಂ.ಆರ್. 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಇವರಲ್ಲಿ ಒಂದು ಪಾಲಿಗೆ ಮಾತ್ರ ಕಣ್ಣಿಗೆ ತೊಂದರೆಯಾದರೂ ಅಷ್ಟು ಸ್ಕ್ಯಾನುಗಳನ್ನು ಕೂತು ನೋಡುವಷ್ಟು ತಜ್ಞರು ಎಲ್ಲಿದ್ದಾರೆ?

ಅದಕ್ಕೇ ಕಂಪ್ಯೂಟರಿಗೆ ಈ ಕೆಲಸ ಕಲಿಸುತ್ತಿದ್ದಾರೆ. 2018ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆ ಮತ್ತು ಡೀಪ್‌ಮೈಂಡ್ ಕಂಪನಿ ಸೇರಿ ಒಂದು ಪ್ರಬಂಧ ಪ್ರಕಟಿಸಿದವು. ಅವರ ವ್ಯವಸ್ಥೆಗೆ ಎರಡು ಹಂತ. ಮೊದಲನೆಯದು ಮೂರು ಆಯಾಮದ ಸ್ಕ್ಯಾನನ್ನು ತೆಗೆದುಕೊಂಡು ಇದು ಪದರ, ಇದು ನೀರು, ಇದು ರಕ್ತ ಎಂದು ಗುರುತು ಹಾಕುತ್ತದೆ. ಎರಡನೆಯದು ಆ ಗುರುತುಗಳನ್ನು ನೋಡಿ ಯಾರಿಗೆ ತುರ್ತು, ಯಾರು ಕಾಯಬಹುದು ಎಂದು ಹೇಳುತ್ತದೆ. ಈ ತೀರ್ಮಾನದಲ್ಲಿ ಅದು ಹಳಗಿದ ತಜ್ಞರಿಗೆ ಸರಿಸಮವಾಗಿತ್ತು. ಪತ್ರಿಕೆಗಳು ದೊಡ್ಡದಾಗಿ ಬರೆದದ್ದು ಇದನ್ನೇ. ನನಗೆ ಮುಖ್ಯವಾಗಿ ಕಂಡದ್ದು ಅದೇ ಪ್ರಬಂಧದ ಇನ್ನೊಂದು ಮಾತು. ಬೇರೆ ಕಂಪನಿಯ ಯಂತ್ರದ ಸ್ಕ್ಯಾನ್ ಕೊಟ್ಟಾಗ ಈ ಜಾಣ ವ್ಯವಸ್ಥೆ ಕೆಟ್ಟದಾಗಿ ಎಡವಿತು. ಮೊದಲ ಹಂತಕ್ಕೆ ಹೊಸ ಯಂತ್ರದ ಚಿತ್ರಗಳಿಂದ ಮತ್ತೆ ಪಾಠ ಹೇಳಿಕೊಟ್ಟ ಮೇಲೆ ಸರಿಯಾಯಿತು.

ಮನುಷ್ಯರಿಗೂ ಇದೇ ತೊಡಕು. ರೆಟಿನಾದ ದಪ್ಪ ಅಳೆಯಲು ಮೇಲೊಂದು, ಕೆಳಗೊಂದು ಗೆರೆ ಬೇಕು. ಕೆಳಗಿನ ಗೆರೆಯನ್ನು ಯಾವ ಪದರದ ಮೇಲೆ ಎಳೆಯಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಸ್ಟ್ರೇಟಸ್ ಯಂತ್ರಕ್ಕೂ ಸ್ಪೆಕ್ಟ್ರಾಲಿಸ್‌ಗೂ ಒಂದೇ ಕಣ್ಣಿನ ಅಳತೆಯಲ್ಲಿ 50 ಮೈಕ್ರಾನಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಫಸ್ಟ್ ಪಿಯುಸಿಯಲ್ಲಿ ನಾವು ಕನ್ಸಿಸ್ಟೆನ್ಸಿ ಎಂಬ ತತ್ವ ಓದಿದ್ದೇವೆ. ಒಂದು ವರ್ಷ ಸವಕಳಿಯನ್ನು ಸ್ಟ್ರೇಟ್ ಲೈನ್ ವಿಧಾನದಲ್ಲಿ ಲೆಕ್ಕ ಹಾಕಿ ಮರುವರ್ಷ ರಿಟನ್ ಡೌನ್ ವ್ಯಾಲ್ಯೂಗೆ ಬದಲಾಯಿಸಿದರೆ, ಎರಡು ವರ್ಷದ ಲಾಭವನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡುವಂತಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಎಂದುಕೊಂಡಿದ್ದೆ. ದಾದಿಯ ನಮ್ಮೂರಿನ ಪ್ರಿಂಟಿನಲ್ಲಿ 341 ಮೈಕ್ರಾನ್ ಇತ್ತು. ಫೂಫಿಯ ಮನೆಗೆ ಬೆಂಗಳೂರಿಗೆ ಹೋಗಿದ್ದಾಗ ಇನ್ನೊಂದು ಆಸ್ಪತ್ರೆಯಲ್ಲಿ ಮಾಡಿಸಿದ್ದರಲ್ಲಿ 362. ನೀರು ಹೆಚ್ಚಿತೋ, ಯಂತ್ರ ಬದಲಾದದ್ದಕ್ಕೋ? ಅಲ್ಲಿನ ಡಾಕ್ಟರು ಪ್ರಾಮಾಣಿಕವಾಗಿ ಹೇಳಿದರು: ‘ಬರೀ ಪೇಪರ್ ನೋಡಿ ಹೇಳಲಾಗದಮ್ಮ, ಹಳೆಯ ಫೈಲ್ ಇದ್ದಿದ್ದರೆ ಎರಡಕ್ಕೂ ಒಂದೇ ಗೆರೆ ಎಳೆದು ನೋಡಬಹುದಿತ್ತು.’ ಫೈಲ್ ಕೇಳಿದರೆ ಮೊದಲಿನ ಆಸ್ಪತ್ರೆಯ ಕೌಂಟರಿನಲ್ಲಿ ಸಿಕ್ಕ ಉತ್ತರ, ‘ಅದು ಸಿಸ್ಟಮ್ಮಿನಲ್ಲಿರುತ್ತೆ, ಹೊರಗೆ ಕೊಡೋದಕ್ಕೆ ಬರಲ್ಲ.’

ಬರಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಎಂ.ಆರ್.ಐ. ಮಾಡಿಸಿದರೆ ಫಿಲ್ಮಿನ ಜೊತೆ ಸಿ.ಡಿ. ಕೊಡುವ ಕೇಂದ್ರಗಳು ಎಷ್ಟೋ ಇವೆ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಡೈಕಾಮ್ ಎಂಬ ನಮೂನೆ ಕಣ್ಣಿನ ಸ್ಕ್ಯಾನಿಗೂ ಇದೆ. ರೋಗಿ ಆ ಫೈಲ್ ಇಟ್ಟುಕೊಂಡು ಏನು ಮಾಡುತ್ತಾನೆ ಎನ್ನುವವರಿಗೆ ನನ್ನದೊಂದು ಮಾತು: ಎಕ್ಸ್‌ರೇ ಓದಲು ನಮಗ್ಯಾರಿಗೂ ಬರುವುದಿಲ್ಲ, ಆದರೂ ಹಾಸಿಗೆಯ ಕೆಳಗೆ ವರ್ಷಗಟ್ಟಲೆ ಇಟ್ಟಿರುತ್ತೇವೆ, ಬೇಕಾದ ದಿನ ಓದಬಲ್ಲವರ ಮುಂದೆ ಹಿಡಿಯುತ್ತೇವೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. 2016ರಲ್ಲಿ ಗೂಗಲ್ ಸಂಶೋಧಕರು ರೆಟಿನಾದ ಫೋಟೋ ನೋಡಿ ಸಕ್ಕರೆ ಕಾಯಿಲೆಯ ಹಾನಿ ಗುರುತಿಸುವ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ಮೂರು ಆಯಾಮದ್ದಲ್ಲ, ಮಾಮೂಲು ಫೋಟೋ. ಕಲಿಸಲು ಬಳಸಿದ್ದು 1,28,175 ಚಿತ್ರಗಳು. ಅಮೆರಿಕದ ಚಿತ್ರಗಳ ಜೊತೆಗೆ ನಮ್ಮ ದೇಶದ ಮೂರು ಕಣ್ಣಾಸ್ಪತ್ರೆಗಳ ಚಿತ್ರಗಳೂ ಅದರಲ್ಲಿದ್ದವು, ಬೆಂಗಳೂರಿನ ನಾರಾಯಣ ನೇತ್ರಾಲಯವೂ ಆ ಮೂರರಲ್ಲಿ ಒಂದು. ಇಂಥ ಸಂಶೋಧನೆ ನಡೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಜನರ ಕಣ್ಣಿನ ಚಿತ್ರ ಯಂತ್ರಕ್ಕೆ ಪಾಠ ಹೇಳುವಷ್ಟು ಬೆಲೆಯುಳ್ಳದ್ದಾದರೆ, ಆ ಕಣ್ಣಿನ ಒಡೆಯರಿಗೆ ಅದರ ಒಂದು ನಕಲು ಕೊಡುವುದಕ್ಕೆ ಏನಡ್ಡಿ? ದಾದಿಗೆ ಸರ್ಕಾರದ 14 ಅಂಕಿಯ ಆಭಾ ಸಂಖ್ಯೆಯನ್ನೂ ಮಾಡಿಸಿದ್ದೇವೆ. ಅದರಲ್ಲಿ ಅವರ ಸ್ಕ್ಯಾನ್ ಒಂದೂ ಇಲ್ಲ.

ಅಮೆರಿಕದಲ್ಲಿ ವಯಸ್ಸಾದವರ ಇನ್ನೊಂದು ರೆಟಿನಾ ಕಾಯಿಲೆಗೆ ಮನೆಯಲ್ಲೇ ಕೂತು ಓ.ಸಿ.ಟಿ. ಮಾಡಿಕೊಳ್ಳುವ ಯಂತ್ರಕ್ಕೆ 2024ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿದೆ. ನೀರು ಎಷ್ಟಿದೆ ಎಂದು ಲೆಕ್ಕ ಹಾಕುವುದು ಸಾಫ್ಟ್‌ವೇರೇ. ನಮ್ಮಲ್ಲಿಗೆ ಅದು ಬರುವಾಗ ಬರಲಿ. ಈಗ ಕೇಳಬೇಕಾದದ್ದು ಒಂದು ಪೆನ್‌ಡ್ರೈವಿನಷ್ಟು.

ಮನೆಯ ಹಿರಿಯರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಬಿಲ್ ಕಟ್ಟುವ ಮೊದಲೇ ಫೈಲ್ ಕೇಳಿ, ಯಂತ್ರದ ಹೆಸರನ್ನೂ ಬರೆಸಿಕೊಳ್ಳಿ. ದಾದಿಯ ಹಳೆಯ ಸ್ಕ್ಯಾನಿಗಾಗಿ ನಾನು ಕನ್ನಡದಲ್ಲಿ ಅರ್ಜಿ ಬರೆದು, ಅವರ ಸಹಿ ಹಾಕಿಸಿ, ಕೊಟ್ಟದ್ದಕ್ಕೆ ಸೀಲ್ ಪಡೆದುಕೊಂಡಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಆ ಅರ್ಜಿಯ ನಕಲು ಬೇಕಾದವರು ಸೆಕೆಂಡ್ ಪಿಯುಸಿ ಕಾಮರ್ಸ್ ‘ಬಿ’ ವಿಭಾಗದಲ್ಲಿ ಕೇಳಬಹುದು.