ಅಂಗೈಯ ಲಿಂಗಕ್ಕೆ ಅಂಗಳದ ಹೂವು



ಲಿಂಗಪೂಜೆಗೆ ಮನೆಯ ಹೂವೇ ಬೇಕೆಂದು ಗುಲಾಬಿ ನೆಟ್ಟೆವು, ವರ್ಷದೊಳಗೆ ಒಣಗಿತು ಎಂದು ನಗರವಾಸಿ ತಾಯಂದಿರು ನಮ್ಮಲ್ಲಿ ಕೊರಗಿಕೊಳ್ಳುವುದುಂಟು. ದೋಷವು ಬಹುಮಟ್ಟಿಗೆ ಕೈಯದಲ್ಲ, ಆಯ್ಕೆಯದು. ನರ್ಸರಿಯಲ್ಲಿ ದೊಡ್ಡ ಹೂವಿನ ಕಸಿ ಗುಲಾಬಿಯ ಚೆಲುವಿಗೆ ನಾವು ಮನಸೋಲುತ್ತೇವೆ. ಅದಾದರೋ ಹೆಚ್ಚು ಆರೈಕೆಯನ್ನೂ ಪದೇ ಪದೇ ಔಷಧ ಸಿಂಪಡಣೆಯನ್ನೂ ಬೇಡುತ್ತದೆ. ವಿಷ ಸೋಂಕಿದ ಹೂವನ್ನು ಲಿಂಗಕ್ಕೆ ಅರ್ಪಿಸುವುದೆಂತು?

ಇಕ್ಕಟ್ಟಿನ ಅಂಗಳಕ್ಕೆ ಬಟನ್ ಗುಲಾಬಿಯೇ ಲೇಸು. ಹೂವು ಕಿರಿದಾದರೂ ಗೊಂಚಲು ಗೊಂಚಲಾಗಿ ವರ್ಷದ ಬಹುಕಾಲ ಅರಳುತ್ತದೆ. ತಳದಲ್ಲಿ ರಂಧ್ರವಿರುವ 12 ಅಂಗುಲದ ಕುಂಡ ಸಾಕು. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮಪಾಲು ಬೆರೆಸಿರಿ. ದಿನಕ್ಕೆ 5–6 ತಾಸು ಬಿಸಿಲು ಬೀಳಬೇಕು.

ಮೇಲ್ಮಣ್ಣು ಒಣಗಿದಾಗ ಬೆಳಗಿನಲ್ಲಿ ಬುಡಕ್ಕೆ ಮಾತ್ರ ನೀರೆರೆಯಿರಿ. ಎಲೆಗಳು ತಾಸುಗಟ್ಟಲೆ ತೊಯ್ದಿದ್ದರೆ ಕಪ್ಪುಚುಕ್ಕೆ ರೋಗವು ಹರಡುತ್ತದೆ. ಚುಕ್ಕೆಯೆಲೆಗಳನ್ನು ಕಿತ್ತು ದೂರವಿಡಿರಿ. ಬಾಡಿದ ಗೊಂಚಲನ್ನು ಕತ್ತರಿಸಿದರೆ ಗಿಡದ ಶಕ್ತಿಯು ಕಾಯಿ ಕಟ್ಟುವುದಕ್ಕೆ ವ್ಯಯವಾಗದೆ ಹೊಸ ಚಿಗುರಿಗೆ ಸಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ಗಿಡದ ಮೂರನೆಯ ಒಂದು ಭಾಗವನ್ನು ಸವರಿರಿ.

ಸವರಿದ ಕಡ್ಡಿಗಳನ್ನು ಬಿಸಾಡಬೇಡಿರಿ. ಅರ್ಧ ಅಡಿ ಉದ್ದದ ಬಲಿತ ಕಡ್ಡಿಯನ್ನು ತೇವದ ಮರಳಿನಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ನಾಲ್ಕು ನೆಟ್ಟರೆ ಎರಡಾದರೂ ಉಳಿದಾವು. ಒಂದನ್ನು ನೆರೆಮನೆಗೆ ಕೊಡಿರಿ. ಗಿಡವನ್ನು ಸಲಹುವುದು ಕಾಯಕ. ಸಸಿಯನ್ನು ಹಂಚುವುದು ದಾಸೋಹ. ಕುಂಡವೊಂದರಲ್ಲಿ ಇವೆರಡಕ್ಕೂ ಎಡೆಯುಂಟು.